ಅಪಘಾತವಿಲ್ಲದ ದಿನಗಳು: ಸೊನ್ನೆ

ಹಡಗು ಹತ್ತುವ ಒಂದು ವಾರ ಮೊದಲೇ ನಾನು ಮನೆಯಲ್ಲಿ ಘೋಷಿಸಿಬಿಟ್ಟಿದ್ದೆ. ಈ ನಾಲ್ಕು ದಿನದ ಸಮುದ್ರಯಾನದಲ್ಲಿ ನನ್ನ ಹೆಂಡತಿಗೆ ಒಂದೇ ಒಂದು ಸೀನು ಬಂದರೂ ನಾನು ಮೀಸೆ ಬೋಳಿಸುತ್ತೇನೆ ಅಂತ.

"ಮೊದಲು ಬೆಳೆಸಿ" ಎಂದಳು ಹೆಂಡತಿ, ಬಟ್ಟೆ ಮಡಚುತ್ತಾ.

ಈ ಧೈರ್ಯ ಸುಮ್ಮನೆ ಬಂದದ್ದಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಒಂದು ಸಾಬೂನು ಕಾರ್ಖಾನೆಯ ಸುರಕ್ಷತಾ ಅಧಿಕಾರಿ. ಸಾಬೂನು ಕಾರ್ಖಾನೆಯಲ್ಲಿ ಮುನ್ನೂರು ಜನರನ್ನು ಜಾರಿ ಬೀಳದಂತೆ ಕಾಪಾಡುವುದು ಎಂಥ ಸಾಹಸ ಎಂಬುದು ಅಲ್ಲಿ ಒಂದು ಸಲ ಜಾರಿದವರಿಗೇ ಗೊತ್ತು. ಗೇಟಿನ ಪಕ್ಕದಲ್ಲಿ 'ಅಪಘಾತವಿಲ್ಲದ ದಿನಗಳು' ಎಂಬ ಬೋರ್ಡಿದೆ. ಅದರ ಅಂಕಿಯನ್ನು ಪ್ರತಿ ಬೆಳಗ್ಗೆ ನನ್ನ ಕೈಯಾರೆ ಬದಲಿಸುತ್ತೇನೆ. ರಜೆ ಹಾಕಿದ ದಿನ ಅದು ನಾನೂರ ಹನ್ನೆರಡಾಗಿತ್ತು.

ಜೇಬಿನಲ್ಲಿ ಸದಾ ಒಂದು ಸಣ್ಣ ಪುಸ್ತಕವಿರುತ್ತದೆ. ಕಾರ್ಮಿಕರು ಅದನ್ನು 'ಕೂದಲೆಳೆ ಪುಸ್ತಕ' ಎನ್ನುತ್ತಾರೆ. ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನೆಲ್ಲ ಅದರಲ್ಲಿ ಬರೆಯಬೇಕು. ಸಮಯ, ನಡೆದದ್ದೇನು, ಅಪಾಯದ ಮೂಲ, ಕೈಗೊಂಡ ಕ್ರಮ, ಮೇಲಿನವರ ಸಹಿ, ಹೀಗೆ ಐದು ಕಲಮು. ಯಾರದಾದರೂ ಕಾಲು ಒಂದಂಗುಲ ಜಾರಿದರೂ ಅದು ಪುಸ್ತಕಕ್ಕೆ ಬಂತೆಂದೇ ಲೆಕ್ಕ. 'ಮುಚ್ಚಿಟ್ಟ ಅಪಾಯ ಮರಿ ಹಾಕುತ್ತದೆ' ಎಂದು ಪ್ರತಿ ಸೋಮವಾರ ಬೆಳಗ್ಗೆ ಎಂಟಕ್ಕೆ ನಾನು ಉಪದೇಶ ಮಾಡುತ್ತೇನೆ. ಜನ ನಿಂತುಕೊಂಡೇ ನಿದ್ದೆ ಮಾಡುತ್ತಾರೆ. ಅದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಭೂಗೋಳದ ಟೀಚರು. ಇಪ್ಪತ್ತೆಂಟು ವರ್ಷದಿಂದ ಕಪ್ಪು ಹಲಗೆಯ ಮೇಲೆ ಜ್ವಾಲಾಮುಖಿ ಬರೆಯುತ್ತಿದ್ದಾಳೆ. ಬೆಂಕಿಗೆ ಕೆಂಪು ಸೀಮೆಸುಣ್ಣ, ಹೊಗೆಗೆ ಬಿಳಿ. ನಿಜವಾದದ್ದನ್ನು ಒಮ್ಮೆಯೂ ಕಂಡವಳಲ್ಲ. ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿದೆ. "ಒಂದು ವರ್ಷವಾದ್ರೂ ಕಣ್ಣಾರೆ ನೋಡಿ ಬಂದು ಪಾಠ ಮಾಡ್ತೀನಿ ಕಣ್ರೀ. ಇಷ್ಟು ವರ್ಷ ಕೇಳಿದ್ದನ್ನೇ ಹೇಳಿದ್ದಾಯ್ತು" ಎಂದಿದ್ದಳು. ಈ ಹಡಗು ಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ, ಹೊಗೆಯಾಡುವ ಬೆಟ್ಟವಿರುವ ಒಂದು ದ್ವೀಪದ ಬಳಿ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಅದಕ್ಕೆಂದೇ ಅವಳು ಹೊಸ ಬೂಟು ಕೊಂಡು, ಹದಿನೈದು ದಿನ ಅದನ್ನು ಹಾಕಿಕೊಂಡೇ ಅಡುಗೆ ಮಾಡಿ ಪಳಗಿಸಿದ್ದಳು.

ಅವಳನ್ನು ಆ ಬೆಟ್ಟದ ಬುಡಕ್ಕೆ ಕ್ಷೇಮವಾಗಿ ಮುಟ್ಟಿಸುವುದೇ ನನ್ನ ಹೊಣೆ. ಹಾಗೆಂದು ನಾನೇ ಹೊತ್ತುಕೊಂಡೆ, ಯಾರೂ ಹೊರಿಸಲಿಲ್ಲ.

ಕ್ಯಾಬಿನ್ ಕಾದಿರಿಸುವಾಗ ನಾನು ಕೇಳಿದ್ದು ಒಂದೇ, ಲೈಫ್‌ಬೋಟಿಗೆ ಅತಿ ಹತ್ತಿರದ ಕೋಣೆ ಬೇಕು ಎಂದು. ಸಿಕ್ಕಿತು. ಒಳಗೆ ಹೋಗಿ ಹೆಂಡತಿ ಕಿಟಕಿಯ ಪರದೆ ಸರಿಸಿದಳು. ಕಿಟಕಿಯ ತುಂಬ ಕಿತ್ತಳೆ ಬಣ್ಣ.

"ಸಮುದ್ರ ಎಲ್ರೀ?"

"ಇದರ ಹಿಂದೆ ಇದೆ."

"ಇದೇನು?"

"ಲೈಫ್‌ಬೋಟು. ಕೈ ಚಾಚಿದರೆ ಸಿಗುತ್ತೆ."

ಅವಳು ಪರದೆ ಎಳೆದು ಮಂಚದ ಮೇಲೆ ಕೂತಳು. ನಾನು ಹೊತ್ತು ವ್ಯರ್ಥ ಮಾಡದೆ, ಮನೆಯಿಂದ ತಂದಿದ್ದ ಸಣ್ಣ ಬೋರ್ಡನ್ನು ಬಾಗಿಲ ಒಳಬದಿಯ ಕೊಕ್ಕೆಗೆ ನೇತುಹಾಕಿದೆ. 'ಈ ಕೋಣೆಯಲ್ಲಿ ಅಪಘಾತವಿಲ್ಲದ ದಿನಗಳು: 0'. ಅಲ್ಲಿ ಹಡಗಿನವರ ಯಾವುದೋ ಆರೋಗ್ಯ ಸೂಚನೆ ಅಂಟಿಸಿದ್ದರು. ನನ್ನ ಬೋರ್ಡು ಅದರ ಕೆಳಗಿನ ಅರ್ಧವನ್ನು ಮುಚ್ಚಿತು. ಮೇಲಿನ ಅರ್ಧವನ್ನು ನಾನು ಎರಡು ಸಲ ಓದಿದೆ. ವಾಂತಿ ಭೇದಿ ಆದವರು ಎರಡು ದಿನ ಕ್ಯಾಬಿನ್ ಬಿಟ್ಟು ಹೊರಬರುವಂತಿಲ್ಲ, ಅದೇ ಕ್ಯಾಬಿನ್ನಿನ ಇತರರಿಗೂ ಈ ನಿರ್ಬಂಧ ಅನ್ವಯಿಸುತ್ತದೆ, ಎಂದಿತ್ತು. ನಿಯಮವೆಂದರೆ ಹೀಗಿರಬೇಕು ಎಂದು ತಲೆದೂಗಿದೆ.

ಸಂಜೆ ಎಲ್ಲ ಪ್ರಯಾಣಿಕರನ್ನೂ ಒಂದು ದೊಡ್ಡ ಹಾಲಿನಲ್ಲಿ ಸೇರಿಸಿ ಲೈಫ್ ಜಾಕೆಟ್ ಹಾಕಿಕೊಳ್ಳುವುದನ್ನು ತೋರಿಸಿದರು. ತೋರಿಸುತ್ತಿದ್ದ ನಾವಿಕ ಪಟ್ಟಿಯನ್ನು ಅರ್ಧ ಅಂಗುಲ ಸಡಿಲ ಬಿಟ್ಟಿದ್ದ. ಸುಮ್ಮನಿರಲು ಮನಸ್ಸು ಬರಲಿಲ್ಲ. ಎದ್ದು ಹೋಗಿ ಬಿಗಿ ಮಾಡಿಕೊಟ್ಟೆ. ಆಮೇಲೆ ಜಾಕೆಟ್ಟಿನ ಸೀಟಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಊದಿ ನೋಡಿದೆ. ಕೆಲಸ ಮಾಡುತ್ತಿತ್ತು. ಹಿಂದಿನ ಸಾಲುಗಳಲ್ಲಿ ಸುಮಾರು ಎಂಬತ್ತು ಜನ ಎದ್ದು ಬಾಗಿಲ ಕಡೆ ಓಡಿದರು. ಅವರನ್ನೆಲ್ಲ ವಾಪಸು ಕೂರಿಸುವ ಹೊತ್ತಿಗೆ ಹೆಂಡತಿ ನಾಲ್ಕು ಸಾಲು ಆಚೆ ಹೋಗಿದ್ದಳು. ಇವರು ನಿಮ್ಮ ಜೊತೆಯವರಾ ಎಂದು ನಾವಿಕ ಕೇಳಿದ್ದಕ್ಕೆ, ಎಲ್ಲೋ ನೋಡಿದ ಹಾಗಿದೆ ಎಂದಳಂತೆ.

ನಿಜವಾದ ಅಪಾಯ ಇರುವುದು ಊಟದಲ್ಲಿ. ಹಡಗುಗಳಲ್ಲಿ ಹೊಟ್ಟೆ ಕೆಡುವುದು ಬಹಳ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಬೇಗ ಎಂದು ಓದಿದ್ದೆ. ನಮ್ಮ ಕಾರ್ಖಾನೆಯಲ್ಲಿ ಹೊಸ ಯಂತ್ರ ಬಂದರೆ ಮೊದಲು ಗುಂಡಿ ಒತ್ತುವವನು ನಾನು. ಕೆಟ್ಟರೆ ನನ್ನ ಕೈ ಕೆಡಲಿ ಎಂಬ ನೀತಿ. ಅದೇ ನೀತಿಯನ್ನು ಇಲ್ಲಿಗೂ ತಂದೆ. ಪ್ರತಿಯೊಂದು ಪದಾರ್ಥವನ್ನೂ ಮೊದಲು ನಾನು ತಿನ್ನುವುದು, ಅರ್ಧ ಗಂಟೆ ಕಾಯುವುದು, ನನಗೆ ಏನೂ ಆಗದಿದ್ದರೆ ಅವಳು ತಿನ್ನುವುದು.

ಆ ಬಫೆಯಲ್ಲಿ ನಲವತ್ತಮೂರು ಪದಾರ್ಥಗಳಿದ್ದವು.

ಮೊದಲ ರಾತ್ರಿ ಅವಳು ಅರ್ಧ ಗಂಟೆ ಕಾದು, ತಣ್ಣಗಾದ ಸೂಪು ಕುಡಿದಳು. ಎರಡನೆಯ ದಿನ ನಾನು ಪರೀಕ್ಷೆಯಲ್ಲಿ ಮಗ್ನನಾಗಿದ್ದಾಗ ಮೂಲೆಯ ಟೇಬಲಿನಲ್ಲಿ ಬ್ರೆಡ್ಡು, ಸಿಪ್ಪೆ ಸುಲಿದ ಬಾಳೆಹಣ್ಣು, ಬಿಸಿ ಅನ್ನ ತಿಂದು ಮುಗಿಸಿಬಿಟ್ಟಿದ್ದಳು. ಪರೀಕ್ಷೆ ಯಾರಿಗಾಗಿ ನಡೆಯುತ್ತಿತ್ತೋ ಅವರೇ ಎದ್ದು ಹೋದ ಮೇಲೂ ನಾನು ಕೈಬಿಡಲಿಲ್ಲ. ಒಂದು ಸಲ ನೋಡಿದರೆ ಸಾಲದು, ಮಧ್ಯಾಹ್ನದ್ದು ಬೇರೆ, ರಾತ್ರಿಯದ್ದು ಬೇರೆ.

"ಕಸ್ಟರ್ಡನ್ನ ಐದು ಸಲ ಪರೀಕ್ಷೆ ಮಾಡಿದ್ರಿ. ಇನ್ನೂ ಫಲಿತಾಂಶ ಬರಲಿಲ್ವಾ?" ಎಂದು ಹೆಂಡತಿ ವಿಚಾರಿಸಿದಳು.

ಊಟ ಬಲ್ಲವನಿಗೆ ರೋಗವಿಲ್ಲ ಎಂದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಉಳಿದರ್ಧವನ್ನು ಅವಳು ಹೇಳದೆ ಮಲಗಿದಳು.

ಫಲಿತಾಂಶ ಮೂರನೆಯ ದಿನ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಪ್ರಕಟವಾಯಿತು.

ವಿವರ ಬೇಡ. ಆರು ಇಪ್ಪತ್ತೈದಕ್ಕೆ ಮರುಪ್ರಕಟವಾಯಿತು ಎಂದಷ್ಟೇ ಹೇಳಬಲ್ಲೆ. ಬಚ್ಚಲಿನಿಂದ ಹೊರಗೆ ಬಂದು ಬಾಗಿಲ ಮೇಲಿನ ಸೂಚನೆಯನ್ನು ನೋಡಿದೆ. ಅದೇ ಕ್ಯಾಬಿನ್ನಿನ ಇತರರಿಗೂ. ಹೆಂಡತಿ ಬೂಟಿನ ಲೇಸು ಕಟ್ಟುತ್ತಾ ಏನೋ ಹಾಡು ಗುನುಗುತ್ತಿದ್ದಳು. ದೋಣಿ ಹತ್ತು ಗಂಟೆಗೆ. ನಾನು ಬಾಯಿ ಬಿಟ್ಟರೆ ಅವಳ ಇಪ್ಪತ್ತೆಂಟು ವರ್ಷ ನೀರುಪಾಲು. ಆ ಕ್ಷಣದಲ್ಲಿ ಇಪ್ಪತ್ತೆರಡು ವರ್ಷದ ಸೋಮವಾರಗಳನ್ನೆಲ್ಲ ಗಂಟು ಕಟ್ಟಿ ಸಮುದ್ರಕ್ಕೆ ಎಸೆದೆ. ಹೇಳುವುದಿಲ್ಲ ಎಂದು ತೀರ್ಮಾನಿಸಿದೆ.

ಕೋಣೆಯ ಬಚ್ಚಲಿಗೆ ಪದೇ ಪದೇ ಹೋದರೆ ಅವಳಿಗೆ ಅನುಮಾನ ಬರುತ್ತದೆ. ಆದ್ದರಿಂದ ಬೆಂಕಿ ಆರಿಸುವ ಸಿಲಿಂಡರುಗಳನ್ನು ಪರಿಶೀಲಿಸಿ ಬರುತ್ತೇನೆ ಎಂದು ಹೊರಟೆ. ಅವಳು ತಲೆಯೆತ್ತಲಿಲ್ಲ. ಇಪ್ಪತ್ತೆರಡು ವರ್ಷದ ಒಳ್ಳೆಯ ಹೆಸರು ಇಂಥ ಹೊತ್ತಿಗೆ ಒದಗುತ್ತದೆ. ಐದನೆಯ ಅಂತಸ್ತು, ಏಳನೆಯ ಅಂತಸ್ತು, ಗ್ರಂಥಾಲಯದ ಪಕ್ಕ, ಈಜುಕೊಳದ ಹಿಂದೆ. ಎಂಟೂವರೆಯ ಹೊತ್ತಿಗೆ ಹಡಗಿನ ನಕ್ಷೆ ಕಪ್ತಾನನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ನಾಲಗೆ ಸುಳ್ಳು ಹೇಳಿತು ನಿಜ. ಕೈ ಮಾತ್ರ ಮಾತು ಕೇಳಲಿಲ್ಲ. ಪ್ರತಿ ಸಲ ಹಿಂತಿರುಗಿ ಬಂದೊಡನೆ ಅದು ತಾನಾಗಿ ಜೇಬಿಗೆ ಹೋಗಿ, ಪುಸ್ತಕ ತೆಗೆದು, ಸಮಯ, ಸ್ಥಳ ಎಲ್ಲವನ್ನೂ ಬರೆದುಬಿಡುತ್ತಿತ್ತು. ಒಂಬತ್ತು ಗಂಟೆಗೆ ಬಂದ ಕರೆ ಎಷ್ಟು ತುರ್ತಿನದ್ದಾಗಿತ್ತೆಂದರೆ, ಪುಸ್ತಕವನ್ನು ಮೇಜಿನ ಮೇಲೆ ತೆರೆದದ್ದು ತೆರೆದ ಹಾಗೇ ಬಿಟ್ಟು ಓಡಿದೆ.

ಟೀಚರುಗಳ ಮುಂದೆ ತೆರೆದ ನೋಟುಪುಸ್ತಕ ಇಡಬಾರದು.

ನಾನು ವಾಪಸು ಬಂದಾಗ ಅವಳು ಕನ್ನಡಕ ಹಾಕಿಕೊಂಡು ಓದಿ ಮುಗಿಸಿದ್ದಳು. ಕೈಗೊಂಡ ಕ್ರಮ ಎಂಬ ಕಲಮಿನಲ್ಲಿ ನಾನು ಬರೆದದ್ದು ಇಷ್ಟು: 'ಹೆಂಡತಿಗೆ ತಿಳಿಸಿಲ್ಲ. ತಿಳಿಸಿದರೆ ಇಬ್ಬರನ್ನೂ ಒಳಗೆ ಕೂಡಿಹಾಕುತ್ತಾರೆ. ಅವಳು ಬೆಟ್ಟ ನೋಡಲೇಬೇಕು.' ಆ ಸಾಲಿನ ಮೇಲೆ ಅವಳ ಬೆರಳು ನಿಂತಿತ್ತು. ಕಣ್ಣು ಒದ್ದೆಯಾಗಿತ್ತು. ನನಗೂ ಗಂಟಲು ಕಟ್ಟಿತು. ಹೊಟ್ಟೆ ಒಂದು ಬಿಟ್ಟು ಎಲ್ಲವೂ ಕಟ್ಟಿತು ಎನ್ನಬಹುದು.

"ಕಾರ್ಖಾನೆಯವರಿಗೆ ಸೋಮವಾರ ಏನು ಹೇಳ್ತೀರಿ ನೀವು?" ಎಂದಳು.

"ಮುಚ್ಚಿಡಬೇಡಿ ಅಂತ."

"ಆ ದೋಣಿಯಲ್ಲಿ ವಯಸ್ಸಾದವರು ಕೂರ್ತಾರೆ. ಪುಟ್ಟ ಮಕ್ಕಳು ಕೂರ್ತಾರೆ. ನನ್ನ ಬೆಟ್ಟಕ್ಕೋಸ್ಕರ ಅವರ ಹೊಟ್ಟೆ ಕೆಡಿಸ್ತೀರಾ? ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ."

"ನೀನು ನೋಡಬೇಕಿತ್ತಲ್ಲೇ" ಎಂದೆ. ದನಿ ಸಣ್ಣದಾಗಿತ್ತು.

"ಚಿತ್ರ ಬರೆಯೋಕೆ ಬರುತ್ತೆ ನನಗೆ. ಇನ್ನೊಂದು ವರ್ಷ ಹಾಗೇ ಬರೀತೀನಿ ಬಿಡಿ" ಎಂದು ಬೂಟಿನ ಲೇಸು ಬಿಚ್ಚಿ, ಹಡಗಿನ ಆಸ್ಪತ್ರೆಗೆ ಫೋನು ಮಾಡಿದಳು. ಆ ಬಿಚ್ಚಿದ ಲೇಸನ್ನು ನೋಡಿದಾಗ ಆದ ಸಂಕಟಕ್ಕೆ ನನ್ನ ಪುಸ್ತಕದಲ್ಲಿ ಕಲಮಿರಲಿಲ್ಲ.

ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡು ನರ್ಸು ಬಂದಳು. ಪುಸ್ತಕವನ್ನು ನೋಡಿ, ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟ ರೋಗಿಯನ್ನು ತಾನು ಈವರೆಗೆ ಕಂಡಿಲ್ಲ ಎಂದಳು. ಆ ಪುಸ್ತಕಕ್ಕೆ ಬಂದ ಮೊದಲ ಪ್ರಶಂಸೆ ಅದು. ಸ್ವೀಕರಿಸುವಷ್ಟರಲ್ಲಿ ಅವಳು ಫೋನು ತೆಗೆದು, ನನ್ನ ಪುಸ್ತಕವನ್ನೇ ಓದುತ್ತಾ, ಐದನೆಯ ಅಂತಸ್ತು, ಏಳನೆಯ ಅಂತಸ್ತು, ಗ್ರಂಥಾಲಯದ ಪಕ್ಕ, ಈಜುಕೊಳದ ಹಿಂದೆ ಎಂದು ಒಂದೊಂದನ್ನೇ ಮುಚ್ಚಿಸತೊಡಗಿದಳು. ಹತ್ತು ನಿಮಿಷದಲ್ಲಿ ನಾಲ್ಕು ಕಡೆ ಹಳದಿ ಪಟ್ಟಿ ಕಟ್ಟಿ ಔಷಧ ಹಾಕಿ ತೊಳೆಯಲು ಶುರುಮಾಡಿದರಂತೆ. ಉಳಿದ ಶೌಚಾಲಯಗಳ ಮುಂದೆ ಸಾಲು ನಿಂತಿತು. ಜನ್ಮದಲ್ಲಿ ನಾನು ಕಟ್ಟಿಸಿದ ಅತಿ ಉದ್ದದ ಹಳದಿ ಪಟ್ಟಿ ಅದು.

ಕಸ್ಟರ್ಡಿನ ಅತಿಸೇವನೆಯೋ, ಹರಡುವ ರೋಗವೋ ಈಗಲೇ ಹೇಳಲಾಗದು, ಎರಡು ದಿನ ಹೊಸ್ತಿಲು ದಾಟಬಾರದು ಎಂದು ನರ್ಸು ತೀರ್ಪು ಕೊಟ್ಟಳು. ಆಮೇಲೆ ಹೆಂಡತಿಯ ಕಡೆ ತಿರುಗಿ ಜ್ವರ ನೋಡಿ, ಹೊಟ್ಟೆ ಹೇಗಿದೆ ಎಂದು ಕೇಳಿ, "ನೀವ್ಯಾಕೆ ಬೂಟು ಬಿಚ್ಚಿದ್ದೀರಿ? ಹತ್ತಕ್ಕೆ ದೋಣಿ ಇದೆಯಲ್ಲ" ಎಂದಳು.

ಅದೇ ಕ್ಯಾಬಿನ್ನಿನ ಇತರರಿಗೂ, ಎಂದು ನಾನು ಮಂಚದಿಂದಲೇ ನಿಯಮ ಜ್ಞಾಪಿಸಿದೆ.

"ಸೂಚನೆ ಪೂರ್ತಿ ಓದಿದ್ರಾ?"

ಎರಡು ಸಲ ಎಂದೆ. ನರ್ಸು ಬಾಗಿಲ ಬಳಿ ಹೋಗಿ, 'ಅಪಘಾತವಿಲ್ಲದ ದಿನಗಳು: 2' ಎಂಬ ನನ್ನ ಬೋರ್ಡನ್ನು ಎರಡು ಬೆರಳಲ್ಲಿ ಎತ್ತಿ, ಅದರ ಕೆಳಗಿದ್ದದ್ದನ್ನು ಓದಿದಳು. 'ಕೂಡಲೇ ತಿಳಿಸಿದಲ್ಲಿ, ಲಕ್ಷಣಗಳಿಲ್ಲದ ಸಹಪ್ರಯಾಣಿಕರು ತಪಾಸಣೆಯ ನಂತರ ಹೊರಹೋಗಬಹುದು. ಮುಚ್ಚಿಟ್ಟಲ್ಲಿ ಎಲ್ಲರೂ ಕ್ಯಾಬಿನ್ನಿನಲ್ಲೇ ಉಳಿಯತಕ್ಕದ್ದು.'

ಹೆಂಡತಿ ಬೂಟಿಗೆ ಕೈ ಹಾಕಿದಳು.

ಬೆಳಗ್ಗೆ ಆರೂ ಕಾಲಿಗೇ ಬಾಯಿ ಬಿಟ್ಟಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ಹೆಂಡತಿ ಗೊತ್ತಾದ ಕೂಡಲೇ ತಾನೇ ಫೋನು ಮಾಡಿದ್ದರಿಂದ ಬಚಾವು, ಇನ್ನು ಒಂದು ಗಂಟೆ ತಡವಾಗಿ ಬೇರೆಯವರಿಂದ ಗೊತ್ತಾಗಿದ್ದರೆ ಅವಳ ಬೆಟ್ಟವೂ ಹೋಗಿರುತ್ತಿತ್ತು. ಹಾಗೆಂದು ನರ್ಸು ಬಿಡಿಸಿ ಹೇಳಿದಳು. ಅವಳು ಹೇಳುತ್ತಿದ್ದದ್ದು ಹೆಚ್ಚೂ ಕಡಿಮೆ ನನ್ನದೇ ಸೋಮವಾರದ ಉಪದೇಶ. ಕೇಳುವಾಗ ನಿದ್ದೆ ಬರಲಿಲ್ಲ.

ಹೆಂಡತಿ ಸಾಬೂನು ಹಚ್ಚಿ ಚೆನ್ನಾಗಿ ಕೈ ತೊಳೆದು, ಲೇಸು ಕಟ್ಟಿ, ಉಪ್ಪು ಸಕ್ಕರೆ ನೀರನ್ನು ನನ್ನ ತಲೆದೆಸೆಯಲ್ಲಿಟ್ಟು, ಚೀಲ ಏರಿಸಿಕೊಂಡು ನಡೆದೇ ಬಿಟ್ಟಳು. ಬಂಡೆ ಜಾರುತ್ತದೆ, ಹೊಗೆ ಕುಡಿಯಬೇಡ, ದೋಣಿಯ ಅಂಚಿಗೆ ಕೂರಬೇಡ ಎಂದು ನಾನು ಹೇಳುತ್ತಲೇ ಇದ್ದೆ. ಬಾಗಿಲು ಯಾವಾಗಲೋ ಮುಚ್ಚಿತ್ತು.

ಹಡಗು ದ್ವೀಪದ ಎದುರು ನಿಂತಿತು. ಮೇಲಿನ ಅಂತಸ್ತುಗಳಲ್ಲಿ ಜನ ಓಹೋ ಎನ್ನುವುದು ಕೇಳಿಸಿತು. ಬೆಟ್ಟ ನಮ್ಮ ಕಿಟಕಿಯ ಕಡೆಯೇ ಇತ್ತಂತೆ. ನಾನು ಪರದೆ ಸರಿಸಿ, ಸಂಜೆ ನಾಲ್ಕರವರೆಗೆ ಲೈಫ್‌ಬೋಟನ್ನು ನೋಡಿದೆ. ಅದರ ಹೊಟ್ಟೆಯ ಮೇಲೆ ನೂರ ಹದಿನಾಲ್ಕು ಮೊಳೆಗಳಿವೆ. ಎಲ್ಲವೂ ಸುಸ್ಥಿತಿಯಲ್ಲಿವೆ.

ನಾಲ್ಕಕ್ಕೆ ಅವಳು ಬಂದಳು. ಬೂಟಿನ ತುಂಬ ಬೂದಿ, ಕೆನ್ನೆ ಕೆಂಪಗೆ. ಬಾಗಿಲಲ್ಲೇ ನಿಂತು, "ರೀ, ಇಪ್ಪತ್ತೆಂಟು ವರ್ಷ ತಪ್ಪು ಬರೆದಿದ್ದೀನಿ. ಹೊಗೆ ನೆಟ್ಟಗೆ ಮೇಲಕ್ಕೆ ಹೋಗಲ್ಲ, ಗಾಳಿ ಬೀಸಿದ ಕಡೆ ಮಲಗಿಬಿಡುತ್ತೆ. ಈ ವರ್ಷ ಸರಿಯಾಗಿ ಬರೀತೀನಿ" ಎಂದಳು. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ನೋಡಿ ಬಹಳ ಕಾಲವಾಗಿತ್ತು.

ಎಲ್ಲಾದರೂ ಜಾರಿದೆಯಾ, ಎಡವಿದೆಯಾ, ಏನಾದರೂ ಆಯಿತಾ ಎಂದು ಕೇಳಿದೆ.

"ಏನೂ ಆಗಲಿಲ್ಲ. ನೀವಿರಲಿಲ್ಲವಲ್ಲ" ಎಂದು ಕೈ ತೊಳೆಯಲು ಹೋದಳು.

ಮೇಜಿನ ಮೇಲೆ ನನ್ನ ಕೂದಲೆಳೆ ಪುಸ್ತಕ ಬೆಳಗ್ಗಿನ ಪುಟದಲ್ಲೇ ತೆರೆದು ಬಿದ್ದಿತ್ತು. ಅವಳು ಹೊರಡುವ ಮುಂಚೆಯೇ ಅದನ್ನು ತಿದ್ದಿ ಇಟ್ಟು ಹೋಗಿದ್ದಳೆಂದು ಆಗ ನೋಡಿದೆ. ಅಪಾಯದ ಮೂಲ ಎಂಬ ಕಲಮನ್ನು ನಾನು ಖಾಲಿ ಬಿಟ್ಟಿದ್ದೆ. ಕಸ್ಟರ್ಡೋ ಮೀನೋ ಎಂದು ಖಚಿತವಾಗಿರಲಿಲ್ಲ. ಅಲ್ಲಿ ಕೆಂಪು ಶಾಯಿಯಲ್ಲಿ, ದುಂಡಗಿನ ಟೀಚರಕ್ಷರದಲ್ಲಿ, 'ಬರೆದವರು' ಎಂದಿತ್ತು. ಪಕ್ಕದಲ್ಲಿ, ಮೇಲಿನವರ ಸಹಿ ಇರಬೇಕಾದ ಜಾಗದಲ್ಲಿ, ಅವಳ ಸಹಿ.

ಎರಡು ಸಲ ಓದಿದೆ, ಈ ಸಲ ಪೂರ್ತಿ. ವೃತ್ತಿಯ ಪ್ರಕಾರ ಅದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಎದ್ದು ಹೋಗಿ ಬೋರ್ಡಿನ ಅಂಕಿ ಬದಲಿಸಿದೆ.