ಅಕ್ಕನ ಇಂಜೆಕ್ಷನ್, ಅಜ್ಜಿಯ ಕಂಡೀಷನ್

ನಾನು ಜಾಸ್ತಿ ಮಾತಾಡೋಳಲ್ಲ. ಮನೆಗೆ ಯಾರಾದ್ರೂ ಬಂದ್ರೆ ಪುಸ್ತಕ ಹಿಡ್ಕೊಂಡು ರೂಮಿಗೆ ಹೋಗ್ಬಿಡ್ತೀನಿ. ಆದ್ರೆ ನಮ್ಮಕ್ಕ ಏಳನೇ ತಿಂಗಳಲ್ಲಿ ಹೆರಿಗೆಗೆ ಅಂತ ಕುರುಬರಹಳ್ಳಿಗೆ, ನಮ್ಮನೆಗೆ ಬಂದಾಗಿಂದ ನೆಟ್ಟಗೆ ಒಂದು ಪುಟ ಓದೋಕ್ಕಾಗಿಲ್ಲ. ಪುಸ್ತಕಕ್ಕಿಂತ ಮಜಾ ಹಾಲ್‌ನಲ್ಲೇ ನಡೀತಾ ಇತ್ತು.

೧. ನಾಯಿಕೆಮ್ಮು

ಅಕ್ಕ ಚೆಕಪ್ ಮುಗಿಸ್ಕೊಂಡು ಬಂದು ಹೇಳಿದ್ಲು, "ಡಾಕ್ಟ್ರು ನಾಯಿಕೆಮ್ಮಿನ ಇಂಜೆಕ್ಷನ್ ಹಾಕಿಸ್ಕೋ ಅಂದ್ರು. ನಾನೀಗ ಹಾಕಿಸ್ಕೊಂಡ್ರೆ ಮಗು ಹುಟ್ಟುವಾಗ್ಲೇ ರಕ್ಷಣೆ ತಗೊಂಡು ಬರುತ್ತಂತೆ."

ಅಜ್ಜಿ ಅವರೆಕಾಯಿ ಸುಲೀತಾ ಇದ್ರು. "ಬಸುರಿಗೆ ಸೂಜಿ ಗೀಜಿ ಏನೂ ಬೇಡ. ನಾನು ಐದು ಹೆತ್ತೆ, ಒಂದೂ ಚುಚ್ಚಿಸ್ಕೊಂಡಿಲ್ಲ."

ಅಕ್ಕನ ಮುಖ ಸಪ್ಪಗಾಯ್ತು. ಅವಳ ಫ್ರೆಂಡ್ ಮಗು ಕೆಮ್ಮಿ ಕೆಮ್ಮಿ ಐಸಿಯು ಸೇರಿದ್ದನ್ನ ಅವಳು ಕಣ್ಣಾರೆ ನೋಡಿದ್ಲು. ತನ್ನ ಮಗುಗೆ ಹಂಗಾಗ್ಬಾರ್ದು ಅನ್ನೋದೊಂದೇ ಅವಳ ತಲೇಲಿತ್ತು.

"ಅಜ್ಜಿ, ನಿಮ್ಮ ಕಾಲದಲ್ಲಿ ನಾಯಿಕೆಮ್ಮು ಇರ್ಲಿಲ್ವಾ?" ಅಂದೆ ನಾನು.

"ಇರ್ಲಿಲ್ವಾ ಅಂತೀಯಲ್ಲೇ. ನಿಮ್ಮಮ್ಮಂಗೇ ಬಂದಿತ್ತು. ಎಳೇ ಕೂಸು. ಕೆಮ್ಮಿದ್ರೆ ಉಸಿರು ಸಿಕ್ಕೊಂಡು ನೀಲಿ ಆಗ್ಬಿಡೋಳು. ಮಡಿಲಲ್ಲಿ ಹಾಕ್ಕೊಂಡು ಕೂತೇ ಇದ್ದೆ..."

ಅಜ್ಜಿ ಕೈ ನಿಂತೋಯ್ತು. ಆಮೇಲೆ ಗೋಡೆ ಮೇಲಿನ ಕ್ಯಾಲೆಂಡರ್ ಕಡೆ ತಿರುಗಿದ್ರು.

"ಹಾಕಿಸ್ಕೋ ಹೋಗು. ರಾಹುಕಾಲ ಒಂದು ಬಿಟ್ಟು."

೨. ಬ್ಯಾಗು ಹೊರಡ್ತು

ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಸರಿಯಾಗಿ ರಾಹುಕಾಲದಲ್ಲೇ. ಅದಕ್ಕೂ ಅಜ್ಜಿ ಹತ್ರ ದಾರಿ ಇತ್ತು. ಪರಸ್ಥಾನ ಅಂತ. ಒಳ್ಳೇ ಟೈಮಲ್ಲಿ ನಮ್ಮ ಬ್ಯಾಗನ್ನ ಪಕ್ಕದ್ಮನೇಲಿ ಇಟ್ಬಿಟ್ರೆ ನಾವೇ ಹೊರಟಂಗಂತೆ. ಆಮೇಲೆ ಯಾವಾಗ ಬೇಕಾದ್ರೂ ಹೋಗ್ಬಹುದು.

ಬೆಳಗ್ಗೇನೇ ಅಜ್ಜಿ ಅಕ್ಕನ ಫೈಲ್ ಇದ್ದ ಬ್ಯಾಗನ್ನ ಕಾಂಪೌಂಡ್ ಮೇಲಿಂದ ಪಕ್ಕದ್ಮನೆ ಆಂಟಿಗೆ ದಾಟಿಸಿ, "ಆಸ್ಪತ್ರೆಗೆ ಹೋಗೋ ಬ್ಯಾಗು, ಇಟ್ಕೊಂಡಿರು" ಅಂದ್ರು. ಆಂಟಿ ಕಿವೀಲಿ ಉಳಿದಿದ್ದು ಆಸ್ಪತ್ರೆ ಒಂದೇ.

ನಾವು ಹೊರಡೋ ಹೊತ್ತಿಗೆ ಆಂಟಿ ಮನೆಗೆ ಬೀಗ. ಫೋನೂ ತೆಗೀತಿಲ್ಲ. ಫೈಲಿಲ್ದೆ ವಾಪಸ್ ಕಳಿಸ್ಬಿಟ್ರೆ ಅಂತ ಅಕ್ಕ ಆಟೋದಲ್ಲಿ ದಾರಿಯುದ್ದಕ್ಕೂ ಉಗುರು ಕಚ್ಚಿದ್ಲು. ಬಸವೇಶ್ವರನಗರದ ಕ್ಲಿನಿಕ್ ಬಾಗಿಲಲ್ಲಿ ಕಾಲಿಟ್ರೆ, ಫೈಲ್ ಮೇಲಿನ ಅಡ್ರೆಸ್ ನೋಡ್ಕೊಂಡು ಬಂದ ಆಂಟಿ ಬ್ಯಾಗು ತೊಡೆ ಮೇಲಿಟ್ಕೊಂಡು ಮುಂದಿನ ಸಾಲಲ್ಲಿ ಕೂತಿದಾರೆ. ಅಷ್ಟೊತ್ತಿಗೆ ನರ್ಸ್ ಅಕ್ಕನ ಹೆಸರು ಕೂಗಿದ್ರು. ಆಂಟಿ ಎದ್ದು ನಿಂತ್ರು.

ಅರವತ್ತು ದಾಟಿದ ಆಂಟಿನ ನರ್ಸ್ ಮೇಲಿಂದ ಕೆಳಗೆ ನೋಡಿ, "ಅಮ್ಮ, ನಿಮಗೆ ಎಷ್ಟನೇ ತಿಂಗಳು?" ಅಂದ್ರು.

"ನಾನು ಬರೀ ಬ್ಯಾಗು ತಂದಿರೋಳು ಕಣಮ್ಮ," ಅಂದ್ರು ಆಂಟಿ. "ಹೊಟ್ಟೆ ಹಿಂದಿಂದ ಆಟೋದಲ್ಲಿ ಬರ್ತಾ ಇದೆ."

೩. ಸೊಳ್ಳೆ

ಅಕ್ಕನ ಗಂಡ, ಅಂದ್ರೆ ನಮ್ಮ ಭಾವ, ವಿಜಯಪುರದವರು. ಅವತ್ತು ಆಫೀಸಿಂದ ನೇರ ಕ್ಲಿನಿಕ್‌ಗೆ ಬಂದು ಅಕ್ಕನ ಕೈ ಹಿಡ್ಕೊಂಡು, "ಏನೂ ಆಗಂಗಿಲ್ಲ ನೋಡು, ಸೊಳ್ಳಿ ಕಡದಂಗ ಅಷ್ಟ" ಅಂತ ಧೈರ್ಯ ಹೇಳಿದ್ರು. ಅಕ್ಕಂಗೆ ಹಾಕಿದ್ದೂ ಆಯ್ತು. ಡಾಕ್ಟ್ರು ಭಾವನ ಕಡೆ ತಿರುಗಿದ್ರು.

"ಮಗು ಎತ್ಕೊಳ್ಳೋರೂ ಹಾಕಿಸ್ಕೊಂಡಿದ್ರೆ ಒಳ್ಳೇದು. ನಿಮಗೂ ಒಂದು."

"ನನಗ್ಯಾಕ್ರೀ ಡಾಕ್ಟ್ರ? ನಾ ಏನ್ ಹಡ್ಯಾಂವೇನ್ರೀ?"

"ಮಗುನ ಎತ್ಕೊಳ್ಳಲ್ವಾ?"

ಅಕ್ಕ ಸುಮ್ನೆ ಅವರ ಮುಖ ನೋಡಿದ್ಲು. ಭಾವ ಶರ್ಟ್ ತೋಳು ಮಡಚಿ, ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಕೂತ್ರು. ಹಂಗೇ ಕೂತಿದ್ರು. ಕೊನೆಗೆ ನರ್ಸೇ ಭುಜ ತಟ್ಟಿದ್ರು. "ಸಾರ್, ಸೊಳ್ಳೆ ಕಡ್ದು ಆಗ್ಲೇ ಹಾರೋಯ್ತು. ಚೇರ್ ಬಿಡಿ, ಪಾಪ ಬಸುರೀರು ನಿಂತಿದಾರೆ."

೪. ಬದನೆಕಾಯಿ

ಹೆಣ್ಣು ಮಗು ಆಯ್ತು. ಅಕ್ಕಂಗೆ ಇನ್ನೊಂದು ಇಂಜೆಕ್ಷನ್ ಬಾಕಿ ಇತ್ತು, ರುಬೆಲ್ಲಾ ಅನ್ನೋ ದಡಾರದಂಥ ಕಾಯಿಲೆದು. ಅದನ್ನ ಬಸುರೀಲಿ ಹಾಕಲ್ಲ, ಹೆರಿಗೆ ಆದ್ಮೇಲೆ ಹಾಕೋಣ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು. ಅಜ್ಜಿ ಕಂಡೀಷನ್ ಹಾಕಿದ್ರು: ಹಾಕಿಸ್ಕೊಂಡ್ರೆ ಮೂರು ದಿನ ಮಗುಗೆ ಎದೆಹಾಲು ಕೊಡಂಗಿಲ್ಲ.

ಅಕ್ಕ ಅತ್ತೇಬಿಟ್ಲು. "ಇಷ್ಟೆಲ್ಲಾ ಮಾಡ್ತಿರೋದು ಇವಳಿಗೋಸ್ಕರ. ಇವಳನ್ನೇ ಉಪವಾಸ ಕೆಡವೋದಾದ್ರೆ ನನಗ್ಯಾವ ಇಂಜೆಕ್ಷನ್ನೂ ಬೇಡ."

ಸರಿ, ಅಕ್ಕನ್ನ ಕರ್ಕೊಂಡು ಅಜ್ಜಿನೇ ಡಾಕ್ಟ್ರ ಮುಂದೆ ಹೋಗಿ ಕೂತ್ರು. "ಹೊಟ್ಟೇಲಿದ್ದಾಗ ಬೇಡ ಅಂದ್ರಿ. ಈಗ ಎದೆ ಹತ್ರ ಇದ್ದಾಗ ಹೆಂಗೆ ಸರಿ ಹೋಗುತ್ತೆ?"

"ಒಳ್ಳೇ ಪ್ರಶ್ನೆ ಅಜ್ಜಿ. ಬಸುರೀಲಿ ಬೇಡ ಅನ್ನೋದು ಎಚ್ಚರಿಕೆಗೆ. ಈಗ ಹಾಕಿಸ್ಕೊಂಡು ಧಾರಾಳವಾಗಿ ಹಾಲು ಕೊಡಬಹುದು. ಒಂದು ಹೊತ್ತೂ ನಿಲ್ಲಿಸ್ಬೇಕಾಗಿಲ್ಲ."

"ಬಾಣಂತಿ ತಿಂದಿದ್ದೆಲ್ಲ ಹಾಲಲ್ಲಿ ಹೋಗುತ್ತೆ. ಬದನೆಕಾಯಿನೇ ಹೋಗುತ್ತೆ, ಸೂಜಿ ಮದ್ದು ಹೋಗಲ್ವಾ?"

"ಬದನೆಕಾಯಿನೂ ಏನೂ ಮಾಡಲ್ಲ ಅಜ್ಜಿ. ನಾನು ಅದನ್ನ ತಿಂದೇ ಇಬ್ರಿಗೆ ಹಾಲು ಕೊಟ್ಟಿರೋದು. ಈ ಇಂಜೆಕ್ಷನ್ನೂ ಹಾಕಿಸ್ಕೊಂಡಿದ್ದೆ."

ಮೆಣಸಿನ ಸಾರಲ್ಲೇ ಬಾಣಂತನ ಕಳೀತಿದ್ದ ಅಕ್ಕನ ಮುಖ ಅರಳ್ತು. ಅಜ್ಜಿ ಮಾತ್ರ ಡಾಕ್ಟ್ರ ಮೇಲಿಂದ ಕಣ್ಣು ತೆಗೀಲಿಲ್ಲ.

"ಮಕ್ಕಳು ಹೆಂಗವ್ರೆ?"

"ಇಬ್ರೂ ಗಟ್ಟಿಮುಟ್ಟಾಗಿದಾರೆ."

"ಗ್ಯಾಸು?"

ಡಾಕ್ಟ್ರು ತುಂಬಾ ಪ್ರಾಮಾಣಿಕರು. ಒಂದು ನಿಮಿಷ ಪೆನ್ನು ತಿರುಗಿಸಿದ್ರು. "ದೊಡ್ಡವನಿಗೆ ಸ್ವಲ್ಪ ಇದೆ."

ಅಜ್ಜಿ ಸಮಾಧಾನವಾಗಿ ಕುರ್ಚಿಗೆ ಒರಗಿದ್ರು.

"ಹಾಕಮ್ಮ, ಇಂಜೆಕ್ಷನ್ ಹಾಕು. ಬದನೆಕಾಯಿ ವಿಷ್ಯ ನನಗ್ ಬಿಡು."