ಭೀಮಾ ನದಿಯ ಗಾಳಿ

ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದೇ ಒಂದು ಸುಳ್ಳು ಹೇಳಿದವರಲ್ಲ, ಕ್ರಿಕೆಟ್ ಮೈದಾನದ ಹೊರಗೆ! ಮಣ್ಣೂರಿನ ಅವರ ಅಂಗಡಿಯಲ್ಲಿ ತೊಗರಿಬೇಳೆ ತೂಗುವಾಗ ತಕ್ಕಡಿ ಗಿರಾಕಿಯ ಕಡೆಗೇ ವಾಲುತ್ತದೆ. ಅದೇ ಮನುಷ್ಯ ಹೊಳೆದಂಡೆಯ ಬಯಲಿಗೆ ಇಳಿದರೆ, ಶಿವಾ, ಕೇಳಲೇಬೇಡಿ.

ನಮ್ಮ ಕಡೆ ಒಂದು ಪದ್ಧತಿ. ಬ್ಯಾಟಿಂಗ್ ಮಾಡುವ ಊರಿನವರೇ ಅಂಪೈರನ್ನೂ ಕೊಡಬೇಕು. ಬೆಕ್ಕನ್ನು ಹಾಲಿಗೆ ಕಾವಲು ಇಟ್ಟಂತಾಗಲಿಲ್ಲವೇ? ನಮ್ಮೂರಿನ ಅಂಪೈರ್ ಯಾವಾಗಲೂ ಕಾಕಾ. ಬಾಲು ಎಣಿಸಲು ಕಿಸೆಯಲ್ಲಿ ಹುಣಸೆಬೀಜ ಇಟ್ಟುಕೊಳ್ಳುತ್ತಿದ್ದರು. ಓವರಿಗೆ ಆರು ಬೀಜ ಸಾಕು; ಅವರ ಕಿಸೆಯಲ್ಲಿ ಎಂಟಿರುತ್ತಿದ್ದವು. ಫೀಲ್ಡಿಂಗಿಗೆ ನಿಂತರೂ ಅಷ್ಟೇ. ಒಮ್ಮೆ ಬೌಂಡರಿ ಗೆರೆಯ ಆಚೆ ನಿಂತು ಕ್ಯಾಚ್ ಹಿಡಿದರು. ಎಲ್ಲರೂ ಓಡಿ ಬರುವಷ್ಟರಲ್ಲಿ ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಿ, ತಮ್ಮ ಬೆನ್ನ ಹಿಂದೆ ಹೊಸದೊಂದು ಎಳೆದಿದ್ದರು!

ಇಂಥವರಿಗೆ ಎದುರಾಳಿ ಯಾರು? ಮಾದನಹಿಪ್ಪರಗಾದ ಟೇಲರ್ ಚಾಚಾ. ಸ್ವಂತ ಅಳಿಯನನ್ನು ಮೊದಲ ಬಾಲಿಗೇ ರನೌಟ್ ಕೊಟ್ಟು, ಮಗಳು ಎರಡು ತಿಂಗಳು ತವರಿಗೆ ಬರದಂತೆ ಮಾಡಿಕೊಂಡ ಪುಣ್ಯಾತ್ಮ. ಎರಡೂ ಊರುಗಳ ಪ್ರತಿ ಪಂದ್ಯದ ರನ್ನುಗಳನ್ನು ಅವರು ತಮ್ಮ ಅಳತೆಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದರು.

ಒಂದು ಬೇಸಿಗೆ ನಮ್ಮ ಬ್ಯಾಟ್ಸ್‌ಮನ್‌ನ ನಡುವಿನ ಸ್ಟಂಪು ಉರುಳಿಬಿತ್ತು. ಎಲೆ ಅಲುಗದ ಮಧ್ಯಾಹ್ನ. ಕಾಕಾ ತಣ್ಣಗೆ "ನಾಟ್ ಔಟ್. ಗಾಳಿಗೆ ಬಿದ್ದದ" ಎಂದರು.

"ಗೌಡ್ರ, ಗಾಳಿ ನಡುವಿನ ಸ್ಟಂಪಿಗಷ್ಟ ಬಂತೇನ್ರಿ?" ಚಾಚಾ ಕೇಳಿದರು.

"ಭೀಮಾ ನದಿ ಗಾಳಿ ಭಾಯ್. ಅದಕ್ಕ ಯಾರ್ ಹೇಳೋರು?"

ಅಂದಿನಿಂದ ನಮಗೊಂದು ವಿಶೇಷ ನಿಯಮ ಬಂತು. ಮಣ್ಣೂರು ಬ್ಯಾಟಿಂಗ್ ಮಾಡಿದರೆ ಅಂಪೈರ್ ಚಾಚಾ!

ಈ ವರ್ಷ ಹಿರಿಯರ ಪಂದ್ಯ ನಡೆಯಿತು; ಆಳು ಸಾಲದೆ ನನ್ನನ್ನೂ ಸೇರಿಸಿಕೊಂಡಿದ್ದರು. ಮರುವಾರ ಕಲಬುರಗಿಯಲ್ಲಿ ಕಾಕಾನ ಮೊಣಕಾಲಿನ ಆಪರೇಷನ್. ಆಮೇಲೆ ಆಟ ಬಂದ್ ಎಂದು ಡಾಕ್ಟರು ಹೇಳಿದ್ದರು. ಕಾಕಾನಿಗೆ ಇದ್ದದ್ದು ಒಂದೇ ಕೊರಗು. ಐವತ್ತು ರನ್ನನ್ನು ಹತ್ತು ಸಲ ಹೊಡೆದಿದ್ದೇನೆ ಎಂದು ಮೈದಾನದಲ್ಲೇ ನಿಂತು ಊರಿಗೆಲ್ಲ ಸಾರಿದ್ದರು, ಆದರೆ ಚಾಚಾನ ಪುಸ್ತಕದಲ್ಲಿ ಒಂದೂ ಇರಲಿಲ್ಲ.

ಅಂದು ಕುಂಟುತ್ತಲೇ ನಲವತ್ತೆಂಟಕ್ಕೆ ಬಂದರು. ಮುಂದಿನ ಬಾಲು ಬ್ಯಾಟಿನ ಅಂಚು ಸವರಿ ಕೀಪರನ ಕೈ ಸೇರಿತು. ಎದುರು ತುದಿಯಲ್ಲಿ ಬ್ಯಾಟ್ ಹಿಡಿದು ನಿಂತಿದ್ದ ನನಗೂ ಸಪ್ಪಳ ಕೇಳಿಸಿತು. ಹಿಪ್ಪರಗಾದವರೆಲ್ಲ ಕೂಗಿದರು. ಚಾಚಾ ಕಾಕಾನ ಮೊಣಕಾಲಿಗೆ ಸುತ್ತಿದ್ದ ಬಟ್ಟೆಯನ್ನೇ ನೋಡುತ್ತ ನಿಂತರು.

"ನಾಟ್ ಔಟ್. ಗಾಳಿ ಸಪ್ಪಳ ಅದು."

ಚಾಚಾನ ಧ್ವನಿ ನಡುಗುತ್ತಿತ್ತು. ರೂಢಿ ಇಲ್ಲ, ಪಾಪ! ಕಾಕಾ ಬ್ಯಾಟನ್ನು ಬಗಲಿಗೆ ಸಿಕ್ಕಿಸಿಕೊಂಡು ಹೊರಟುಬಿಟ್ಟರು.

"ಎಲ್ಲಿಗ್ರಿ ಗೌಡ್ರ? ನಾ ಔಟ್ ಕೊಟ್ಟಿಲ್ಲಲ್ಲ."

"ಬ್ಯಾಟಿಗೆ ಹತ್ತೇದ ಭಾಯ್. ನಿಮ್ಮ ಬಾಯಾಗ ಸುಳ್ಳ ಹೇಳಿಸಿ ಐವತ್ತು ತಗೊಂಡ್ ಏನ್ ಮಾಡ್ಲಿ? ಆ ಕೆಲಸಕ್ಕ ನಾ ಅದೀನಲ್ಲ."

ಊರಿಗೆ ಊರೇ ಬಾಯಿ ತೆರೆದು ನಿಂತಿತು. ನನಗಂತೂ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಪರೇಷನ್ ಆದ ಮರುದಿನ ಚಾಚಾ ಮುಂಜಾನೆಯ ಬಸ್ಸಿಗೆ ಆಸ್ಪತ್ರೆಗೆ ಬಂದರು. ಅಳತೆಪುಸ್ತಕ ತೆಗೆದು ಹಾಸಿಗೆಯ ಮೇಲಿಟ್ಟರು. ಕಾಕಾನ ಹೆಸರಿನ ಮುಂದೆ ನಲವತ್ತೆಂಟು, ಅದರ ಪಕ್ಕದಲ್ಲಿ 'ನಾಟ್ ಔಟ್'.

"ಇದು ಮೋಸ ಭಾಯ್" ಎಂದರು ಕಾಕಾ.

"ಹೌದ್ರಿ. ಮೊಣಕಾಲ ನೆಟ್ಟಗಾಗ್ಲಿ. ಉಳಿದ ಎರಡು ರನ್ ಹೊಡದು ಮೋಸ ತೀರಸ್ರಿ."

ಕಾಕಾ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ಅಳುತ್ತಿದ್ದೀರಾ ಎಂದು ನಾನು ಕೇಳಿದೆ. ಕಣ್ಣಿಗೆ ಗಾಳಿ ಬಡಿಯಿತು ಎಂದರು.