ಮಾವನ ಕಣ್ಣಿನ ಫೋಟೊ

ನಮ್ಮ ಸೋದರಮಾವನಿಗೆ ಕಾಣದ್ದು ಈ ಭೂಮಿಯ ಮೇಲೆ ಏನೂ ಇಲ್ಲ. ಹಾಗಂತ ಅವರೇ ಹೇಳುತ್ತಾರೆ! ಶ್ರೀಮಂಗಲದ ಕಾಫಿ ಎಸ್ಟೇಟೊಂದರಲ್ಲಿ ಕೊಯ್ಲು-ಕೂಲಿಯ ಲೆಕ್ಕ ಬರೆಯುವ ರೈಟರು. ಚೀಲದ ತಳದಲ್ಲಿ ಅಡಗಿದ ಹಸಿರು ಕಾಫಿಕಾಯಿಯನ್ನೂ ಹಿಡಿದು ಬೈದವರು. ಈಗ ಎರಡೂ ಕಣ್ಣಿಗೆ ಪೊರೆ. ಒಪ್ಪಬೇಕಲ್ಲ? ಕಳೆದ ಸಲ ಕಾಫಿ ಕೊಯ್ಯುವ ಪಿಕ್ಕಿಂಗಿನಲ್ಲಿ ಅರ್ಧ ಚೀಲ ಹಸಿರು ಕಾಯಿಗೆ “ಭೇಷ್, ಒಳ್ಳೇ ಹಣ್ಣು” ಅಂದರಂತೆ. ಲೈನ್ ಮನೆಗಳ ಕೂಲಿ ಹೆಂಗಸರು “ರೈಟರು ಈ ವರ್ಷ ಎಷ್ಟು ಒಳ್ಳೆಯವರಾಗಿದ್ದಾರೆ!” ಎಂದು ಕೊಂಡಾಡಿದರು.

ಕಣ್ಣು ಕಾಣ್ತದಾ ಅಂತ ನಾನು ಕೇಳಿದರೆ, “ದಿನಾ ಸಂಜೆ ನೀನು ಪಾಠ ಮಾಡಿ ಶಾಲೆಯಿಂದ ಬರುವಾಗ ‘ಮುಖ ಬಾಡಿದೆ, ಮೊದಲು ಕಾಫಿ ಕುಡಿ’ ಅಂತ ಹೇಳೋದು ಯಾರು? ಕುರುಡನಾ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರನ್ನು ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದೊಯ್ಯುವ ಪುಣ್ಯ ನನ್ನದು. ಮೊದಲ ಸಲ, ಸಾಲಿನಲ್ಲಿ ಮುಂದಿದ್ದವರು ಓದಿದ ಅಕ್ಷರಗಳನ್ನು ಕೇಳಿ ಬಾಯಿಪಾಠ ಮಾಡಿ ಗಡಗಡ ಒಪ್ಪಿಸಿದರು. ನರ್ಸ್ ಅಂದಳು, “ಅಜ್ಜ, ನಿಮ್ಮ ಸರದಿಗೆ ನಾನಿನ್ನೂ ಬೋರ್ಡಿನ ಲೈಟೇ ಹಾಕಿಲ್ಲ!” ಎರಡನೇ ಸಲ ಬಸ್ಸು ಬದಲಿಸಲು ಗೋಣಿಕೊಪ್ಪಲಿನಲ್ಲಿ ಇಳಿದವರು, ನಾನು ಅತ್ತ ತಿರುಗುವಷ್ಟರಲ್ಲಿ ತಪ್ಪಿ ಊರಿನ ಬಸ್ಸನ್ನೇ ಹತ್ತಿ ಮನೆಗೆ ವಾಪಸ್! ಕೇಳಿದರೆ “ಬೇಕಂತಲೇ ಹತ್ತಿದ್ದು.” ನನಗಂತೂ ಸಾಕುಸಾಕಾಗಿತ್ತು.

ಮೂರನೇ ಸಲ ಡಾಕ್ಟರು ಹೇಳಿದರು, “ಸಕ್ಕರೆ ಕಾಯಿಲೆ ಇದೆ. ಕಣ್ಣಿನ ಹಿಂದಿನ ಪರದೆ ಹಾಳಾಗಿದ್ರೆ ಪೊರೆ ತೆಗೆದೂ ಪ್ರಯೋಜನ ಕಡಿಮೆ. ಮೊದಲು ಪರದೆಯ ಫೋಟೊ ತೆಗೆಯೋಣ.” ತೆಗೆದರೆ ಬರೀ ಬಿಳಿ! ಪೊರೆ ಅಷ್ಟು ದಪ್ಪ.

“ನಿಮ್ಮ ಕ್ಯಾಮರಾಕ್ಕೂ ಪೊರೆ ಬಂದಿದೆ. ಮೊದಲು ಅದಕ್ಕೆ ಆಪರೇಷನ್ ಮಾಡ್ಸಿ” ಅಂದರು ಮಾವ.

ಫೋಟೊ ತೆಗೆಯುವ ಹುಡುಗಿ ನಗುತ್ತಾ ಮತ್ತೆ ಗಲ್ಲ ಇಡಿಸಿದಳು. “ಒಳಗೆ ಹಸಿರು ಚುಕ್ಕೆ ಕಾಣ್ತದಾ ಅಜ್ಜ?”

ಮಾವ ಗಲ್ಲ ಹಿಂದಕ್ಕೆ ತೆಗೆದರು. “ಇಲ್ಲ ಮಗಾ. ಕಾಣೋದಿಲ್ಲ.” ಅವರ ಕೈ ಗಾಳಿಯಲ್ಲಿ ತಡಕಾಡಿ ನನ್ನ ಕೈ ಹಿಡಿಯಿತು.

ಕೊನೆಗೆ ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. “ಪರದೆ ಕಿತ್ತು ಬಂದಿಲ್ಲ, ಜಾಗದಲ್ಲೇ ಇದೆ. ಆಪರೇಷನ್ ಮಾಡೋಣ. ಎಷ್ಟು ಕಾಣ್ತದೆ ಅನ್ನೋದು ಆಮೇಲೆ ಗೊತ್ತಾಗ್ತದೆ” ಅಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಕೂತೆವು. “ಎಷ್ಟು ದಿನದಿಂದ ಹೀಗೆ ಮಾವ?”

“ನಿನ್ನ ಮುಖ ನೋಡಿ ಒಂದು ವರ್ಷ ಆಯ್ತು ಕಣೇ.”

ನನಗೆ ಸಿಟ್ಟೂ ಬಂತು, ಅಳುವೂ ಬಂತು. “ಮತ್ತೆ ದಿನಾ ಮುಖ ಬಾಡಿದೆ ಅಂತಿದ್ರಲ್ಲ!”

“ಗೇಟಿನಿಂದ ಚಪ್ಪಲಿ ಎಳ್ಕೊಂಡು ಬರ್ತಿದ್ದೆಯಲ್ಲ. ಅದಕ್ಕೆ ಕಣ್ಣು ಯಾಕೆ ಬೇಕು?”